ಅತಿ ಅರ್ಜೆಂಟ್

ನಮ್ಮ ಹೆಡ್ ಕ್ಲಾರ್ಕ್ ಹೊಸ ರಬ್ಬರ್ ಸೀಲು ಮಾಡಿಸಿಕೊಂಡು ಬಂದಿದ್ದಾರೆ. 'ಅತಿ ಅರ್ಜೆಂಟ್' ಅಂತ. ಆವತ್ತಿನಿಂದ ನನಗೆ ಕೆಂಪು ಬಣ್ಣ ಕಂಡರೆ ಆಗಲ್ಲ.

ಮೊದಲು ಅವರ ಹತ್ತಿರ ಬರೀ 'ಅರ್ಜೆಂಟ್' ಸೀಲಿತ್ತು. ದಿನಕ್ಕೆ ಒಂದೆರಡು ಫೈಲಿಗೆ ಬೀಳುತ್ತಿತ್ತು. ನಾವೂ ಎದ್ದುಬಿದ್ದು ಮುಗಿಸಿಕೊಡುತ್ತಿದ್ದೆವು. ಅದೇ ತಪ್ಪಾಯ್ತು. ಸೀಲು ಹೊಡೆದರೆ ಕೆಲಸ ಆಗುತ್ತೆ ಅಂತ ಅವರಿಗೆ ರುಚಿ ಹತ್ತಿತು. ಹಳೇ ಫ್ಯಾನಿನ ರಿಪೇರಿ ಬಿಲ್ಲು, ಟಪ್, ಅರ್ಜೆಂಟ್. ನೀರಿನ ಕ್ಯಾನಿನವನ ಲೆಕ್ಕ, ಟಪ್, ಅರ್ಜೆಂಟ್. 'ಟೀ ಕುಡಿದ ಲೋಟ ಕಿಟಕಿಯಲ್ಲಿ ಇಡಬಾರದು' ಅನ್ನುವ ಸುತ್ತೋಲೆ, ಅದೂ ಅರ್ಜೆಂಟ್. ಎಲ್ಲವೂ ಅರ್ಜೆಂಟಾದ ಮೇಲೆ ನಿಜವಾದ ಅರ್ಜೆಂಟಿಗೆ ಬೇರೆ ಹೆಸರು ಬೇಕಲ್ಲ? ಹಾಗೆ ಹುಟ್ಟಿದ್ದು ಈ 'ಅತಿ'. ಒಂದೇ ವಾರದಲ್ಲಿ ಅದೂ ಎಲ್ಲದರ ಮೇಲೆ ಕೂತಿತು. ನಡುವೆ ಒಂದು ದಿನ ಇಂಕ್ ಪ್ಯಾಡ್ ಒಣಗಿತು. ಹೊಸ ಪ್ಯಾಡ್ ತರಿಸುವ ಚೀಟಿಗೂ ಸೀಲು ಹೊಡೆದಿದ್ದರು, ಮಸುಕು ಮಸುಕಾಗಿ.

"ಸರ್, ಇದರಲ್ಲಿ ಯಾವುದು ಮೊದಲು ಮಾಡ್ಲಿ?" ಅಂತ ಕೇಳಿದೆ.

"ಎಲ್ಲಾನೂ ಮೊದ್ಲು ಮಾಡ್ರಿ" ಅಂದರು.

ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತು ನಿಂತು ಬೆಳೆದವರು ನಾವು. ಅಲ್ಲಿ ರೈಲು ಮೊದಲು, ನಾವು ಆಮೇಲೆ. ಗೊಂದಲವೇ ಇಲ್ಲ. ಅಷ್ಟಾದರೂ ಆಫೀಸಿನಲ್ಲಿ ಬೇಡವಾ?

ಬೆಂಗಳೂರಿನಲ್ಲಿರುವ ತಂಗಿ ಮಗ ಉಪಾಯ ಹೇಳಿಕೊಟ್ಟ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಿನ ನಾಲ್ಕು ಚೌಕ. ಅರ್ಜೆಂಟೂ ಹೌದು, ಮುಖ್ಯವೂ ಹೌದು ಅನ್ನುವುದು ಒಂದರಲ್ಲಿ. ಮುಖ್ಯ, ಆದರೆ ಅರ್ಜೆಂಟಲ್ಲ ಅನ್ನುವುದು ಎರಡರಲ್ಲಿ. ಅರ್ಜೆಂಟು, ಆದರೆ ಮುಖ್ಯವಲ್ಲ ಅನ್ನುವುದು ಮೂರರಲ್ಲಿ. ಎರಡೂ ಅಲ್ಲದ್ದು ನಾಲ್ಕರಲ್ಲಿ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಟೊಮೆಟೊ ಗಡಿಯಾರದ ಲೆಕ್ಕವನ್ನೂ ಹೇಳಿದ. ಐದು ನಿಮಿಷದಲ್ಲಿ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕೂರಲು ಜಾಗವೂ ಸಿಗಲ್ಲಪ್ಪಾ ಅಂದೆ.

ಆದರೂ ಮೇಜಿನ ಮೇಲೆ ಪೇಪರ್ ಹಾಸಿ, ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಚೌಕ ಎಳೆದೆ. ಫೈಲು ಹಂಚಿದೆ. ಎಲ್ಲಕ್ಕೂ ಸೀಲಿತ್ತು, ಎಲ್ಲವೂ ಒಂದನೇ ಚೌಕಕ್ಕೇ ಹೋದವು. ಅದು ಗೋಪುರದ ಹಾಗೆ ಎದ್ದು ನಿಂತಿತು. ಉಳಿದ ಮೂರೂ ಖಾಲಿ. ಸಂಜೆ ನಮ್ಮ ಅಟೆಂಡರ್ ಮಿರ್ಚಿ, ಖಾರ ಮಂಡಕ್ಕಿ ತಂದವನು ಖಾಲಿ ಜಾಗ ನೋಡಿ ನಾಲ್ಕನೇ ಚೌಕದಲ್ಲಿ ಸುರಿದ. ಅರ್ಜೆಂಟೂ ಅಲ್ಲ, ಮುಖ್ಯವೂ ಅಲ್ಲ ಅನ್ನುವ ಜಾಗ! ಈರುಳ್ಳಿ, ಟೊಮೆಟೊ ಬಿದ್ದ ಮಂಡಕ್ಕಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತೆ. ಇಡೀ ಆಫೀಸಿನಲ್ಲಿ ನಿಜವಾಗಿ ಕಾಯಲಾರದ ವಸ್ತು ಅದೊಂದೇ. ಹೆಡ್ ಕ್ಲಾರ್ಕ್ ಕೂಡ ಸೀಲು ಕೆಳಗಿಟ್ಟು ಓಡಿ ಬಂದರು.

ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದವರು. ಬಟ್ಟೆ ಮಿಲ್ಲುಗಳಿಂದಾಗಿ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಮಿಲ್ ಕೂಗಿದರೆ ಹೊರಡುವುದು, ಮತ್ತೆ ಕೂಗಿದರೆ ಮನೆಗೆ. ಆ ಕೂಗಿಗೆ ಅಮ್ಮ ಒಲೆ ಮೇಲೆ ಎಸರಿಡುತ್ತಿದ್ದಳು. ಮನೆಗೆ ಬಂದ ಅಪ್ಪನ ತಲೆಗೂದಲಲ್ಲಿ ಹತ್ತಿ ಇರುತ್ತಿತ್ತು. ಮಿಲ್ ಮಾತ್ರ ಎಂದೂ ಜೊತೆಗೆ ಬರುತ್ತಿರಲಿಲ್ಲ. ನನಗೆ ರಾತ್ರಿ ಹತ್ತಕ್ಕೂ ವಾಟ್ಸಾಪಿನಲ್ಲಿ ಸೀಲಿನ ಫೋಟೋ ಬರುತ್ತೆ.

ಕಳೆದ ಗುರುವಾರ ಅಪ್ಪನ ಕಣ್ಣು ತೋರಿಸಬೇಕಿತ್ತು. ಹದಿನೈದು ದಿನ ಮೊದಲೇ ರಜೆ ಚೀಟಿ ಕೊಟ್ಟಿದ್ದೆ. ಇಡೀ ಮೇಜಿನಲ್ಲಿ ಸೀಲು ಬೀಳದ ಕಾಗದ ಅದೊಂದೇ. ಗೋಪುರದ ಅಡಿಯಲ್ಲಿ ಹೂತುಹೋಗಿತ್ತು. ನಿನ್ನೆ ವಾಪಸ್ ಬಂತು. ಮಂಜೂರಾಗಿದೆ. ಪಕ್ಕದಲ್ಲಿ ಕೆಂಪಗೆ, 'ಅತಿ ಅರ್ಜೆಂಟ್'.

ಅಪ್ಪ ಆವತ್ತು ಒಬ್ಬರೇ ಆಟೋದಲ್ಲಿ ಹೋಗಿ ಬಂದಿದ್ದರು. ರಾತ್ರಿ ಒಂಬತ್ತಕ್ಕೆ ನಾನು ಮನೆ ಸೇರಿದಾಗ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆ ಮೇಲೆ ಕೂತಿದ್ದರು.

"ಯಾಕಪ್ಪಾ, ನಿಮ್ಮ ಆಫೀಸು ಇನ್ನೂ ಕೂಗಿರ್ಲಿಲ್ವಾ?" ಅಂದರು.