ಇನ್‌ಹೇಲರ್ ಯಾವುದಾದರೂ ಜೋರಾಗಿ ಎಳೆಯಬೇಕಾ? ಖಂಡಿತ ಇಲ್ಲ

"ಇನ್‌ಹೇಲರ್ ಯಾವುದೇ ಇರಲಿ, ಎಷ್ಟು ಜೋರಾಗಿ ಎಳೆದರೆ ಅಷ್ಟು ಔಷಧಿ ಒಳಗೆ ಹೋಗುತ್ತದೆ" ಅನ್ನೋ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಹಾಗೇ ನಂಬಬೇಡಿ.

ಒತ್ತಿದರೆ ಪುಸ್ ಅಂತ ಬರುವ ಪಂಪ್ ಇದೆಯಲ್ಲ, ಅದರಲ್ಲಿ ಔಷಧಿ ತಾನೇ ರಭಸವಾಗಿ ಬರುತ್ತದೆ, ಅದರ ಜೊತೆ ನಾವೂ ಜೋರಾಗಿ ಎಳೆದುಬಿಟ್ಟರೆ ಹೆಚ್ಚಿನ ಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಅದನ್ನು ನಿಧಾನವಾಗಿ, ಆಳವಾಗಿ, 4–5 ಸೆಕೆಂಡ್ ಎಳೆಯಬೇಕು. ಆಮೇಲೆ ಸುಮಾರು 10 ಸೆಕೆಂಡ್ ಉಸಿರು ಹಿಡಿಯಬೇಕು. ಸ್ಪೇಸರ್ (ಪಂಪ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಇದ್ದರೆ ಇನ್ನೂ ಸುಲಭ. ತುಟಿ ಸಂದಿಯಿಂದ ಬಿಳಿ ಹೊಗೆಯಂತೆ ಹೊರಗೆ ಬಂದರೆ ಔಷಧಿ ಸುಮ್ನೆ ಹಾಳಾಯಿತು ಅಂತಲೇ ಅರ್ಥ.

ರೋಟಾಹೇಲರ್ ಥರದ ಪುಡಿ ಇನ್‌ಹೇಲರ್‌ಗೆ ಮಾತ್ರ ಆ ಮೆಸೇಜ್ ಸರಿ. ಅಲ್ಲಿ ಪುಡಿಯನ್ನು ಬಿಡಿಸಿ ಒಳಗೆ ಒಯ್ಯುವುದು ನಮ್ಮ ಉಸಿರೇ, ಆದ್ದರಿಂದ ಶುರುವಿನಿಂದಲೇ ಜೋರಾಗಿ ಎಳೆಯಬೇಕು.

ಇನ್ನೊಂದು ಮಾತು, "ಪೀಕ್ ಫ್ಲೋ ಮೀಟರ್ ಊದಿದರೆ ಸಾಕು, ಎಲ್ಲ ಗೊತ್ತಾಗುತ್ತದೆ" ಅಂತಲೂ ಆ ಮೆಸೇಜ್‌ನಲ್ಲಿದೆ. ಅದು ಅಳೆಯುವುದು ಉಸಿರು ಬಿಡುವ ವೇಗ. ಎಳೆಯುವ ವೇಗಕ್ಕೆ ಇನ್-ಚೆಕ್ ಡಯಲ್ ಅನ್ನೋ ಬೇರೆ ಸಾಧನ ಇದೆ. ನಿಮ್ಮ ಇನ್‌ಹೇಲರ್‌ಗೆ ತಕ್ಕ ಹಾಗೆ ಡಯಲ್ ತಿರುಗಿಸಿ ಎಳೆದರೆ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ಮುಳ್ಳು ತೋರಿಸುತ್ತದೆ. ಪಂಪ್‌ಗೆ 60ರ ಒಳಗಿರಬೇಕು. ಪುಡಿಗೆ ಕನಿಷ್ಠ 30 ಬೇಕು, ಕೆಲವಕ್ಕೆ 60ಕ್ಕಿಂತ ಜಾಸ್ತಿ. ಮುಂದಿನ ಸಲ ಹೋದಾಗ ಇನ್‌ಹೇಲರ್ ಜೊತೆಗೇ ಒಯ್ದು, ಡಾಕ್ಟರ್ ಎದುರಿಗೇ ಎಳೆದು ತೋರಿಸಿ.