ಕಾರು ಹಗುರ ಮಾಡುವುದು: ಹಾಸನದ ದಾರಿ, ಪುಣೆಯ ದಾರಿ

ಪುಣೆಯಲ್ಲಿ ಕಾರಿನ ಹುಚ್ಚಿರುವ ಹುಡುಗರಿಗೆ ಮೊದಲು ನೆನಪಾಗುವುದು ಸೈಲೆನ್ಸರ್. ಆಮೇಲೆ ದೊಡ್ಡ ಅಲಾಯ್ ವೀಲ್, ಸ್ಪಾಯ್ಲರ್, ಡಿಕ್ಕಿಯಲ್ಲೊಂದು ಸಬ್‌ವೂಫರ್. ಎಲ್ಲವೂ ಸೇರಿಸುವ ಕೆಲಸ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕ್‌ನ ಕಾರು ಸ್ಪರ್ಧೆ) ಓಡಿಸುವವರು ಇದಕ್ಕೆ ಉಲ್ಟಾ. ಹಳೇ ಕಾರೊಂದು ಕೈಗೆ ಸಿಕ್ಕರೆ ಬಿಚ್ಚಲು ಶುರು ಮಾಡುತ್ತಾರೆ. ಹಿಂದಿನ ಸೀಟು, ಕಾರ್ಪೆಟ್, ಬಾಗಿಲಿನ ಒಳಗಿನ ಹೊದಿಕೆ ಎಲ್ಲ ಹೊರಗೆ. ಈ ವಿಷಯದಲ್ಲಿ ನಾನು ಪೂರ್ತಿ ನಮ್ಮೂರಿನವರ ಕಡೆ. ಬಿಚ್ಚುವ ಕ್ರಮವನ್ನು ಮಾತ್ರ ಪುಣೆಯ ವರ್ಕ್‌ಶಾಪಿನವರಿಂದ ಕಲಿಯಬೇಕು.

ಎಂಜಿನ್ ಪವರ್ ಏರಿಸಿದರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಲಾಭ. ಭಾರ ಇಳಿಸಿದರೆ ಬ್ರೇಕಿಗೂ ಲಾಭ, ತಿರುವಿಗೂ ಲಾಭ, ಟೈರೂ ಕಡಿಮೆ ಸವೆಯುತ್ತದೆ. ಮಾರುತಿ 800 ನೋಡಿ. 796 ಸಿಸಿ ಎಂಜಿನ್, 40 ಬಿಎಚ್‌ಪಿಯೂ ಇಲ್ಲ. ಆದರೂ ಅದನ್ನು ಓಡಿಸಿದವರು ಅದರ ಚುರುಕನ್ನು ಮರೆತಿಲ್ಲ, ಅಲ್ವಾ? ತೂಕವೇ ಸುಮಾರು 650 ಕೆಜಿ. 1987ರಲ್ಲಿ ಬಂದ ಫೆರಾರಿ ಎಫ್40 ಅಷ್ಟು ದುಬಾರಿ ಕಾರು. ಅದರಲ್ಲೂ ಕಾರ್ಪೆಟ್ ಇರಲಿಲ್ಲ, ಒಳಗಿನಿಂದ ಬಾಗಿಲು ತೆಗೆಯಲು ಒಂದು ತಂತಿ ಎಳೆಯಬೇಕಿತ್ತು. ಇನ್ನು ಅಗಲವಾದ ಅಲಾಯ್ ವೀಲ್ ಹಾಕಿದರೆ ಬಹಳ ಸಲ ಭಾರ ಹೆಚ್ಚುತ್ತದೆ. ಅದೂ ತಿರುಗುವ ಭಾಗದ ಭಾರ, ಎಂಜಿನ್‌ಗೆ ಇನ್ನೂ ಕಷ್ಟ.

ಈಗ ಸದ್ದಿನ ಮಾತು. ಕಾರಿನ ತಗಡು ಜಾಗಟೆ ಇದ್ದಂತೆ, ಬಿಟ್ಟರೆ ಮೊಳಗುತ್ತದೆ. ಅದಕ್ಕೇ ಕಂಪನಿಯವರು ನೆಲಕ್ಕೆ, ಡಿಕ್ಕಿಗೆ ಟಾರಿನಂಥ ಶೀಟ್ ಅಂಟಿಸಿ ಅದರ ಮೇಲೆ ದಪ್ಪ ಫೆಲ್ಟ್ ಹಾಸುತ್ತಾರೆ. ಈ ಹೊದಿಕೆ ತೆಗೆದರೆ ಗೇರ್‌ಬಾಕ್ಸ್, ಟೈರ್, ಎಂಜಿನ್ ಎಲ್ಲ ಕೇಳತೊಡಗುತ್ತವೆ. ಗೇರ್ ಯಾವಾಗ ಬದಲಿಸಬೇಕು, ಟೈರ್ ಯಾವಾಗ ಜಾರುತ್ತಿದೆ ಎಂದು ಮೀಟರ್ ನೋಡದೆ ಗೊತ್ತಾಗುತ್ತದೆ. ಈಗಿನ ಕೆಲವು ದುಬಾರಿ ಕಾರುಗಳು ಇಷ್ಟೊಂದು ಮೌನವಾಗಿವೆಯೆಂದರೆ, 2011ರ ಬಿಎಂಡಬ್ಲ್ಯು ಎಂ5 ಎಂಜಿನ್ ಸದ್ದನ್ನು ಸ್ಪೀಕರ್‌ನಲ್ಲಿ ಕೇಳಿಸುತ್ತಿತ್ತು. ನನಗೆ ಅದು ಸಂಕಟದ ವಿಷಯ. ನಿಜವಾದ ಸದ್ದನ್ನು ತಡೆದು ನಕಲಿ ಸದ್ದು ಕೊಡುವುದು ಯಾಕೆ?

ಜೋರು ಸೈಲೆನ್ಸರ್ ಹಾಕಿದರೆ ಆ ಸದ್ದು ಬೀದಿಗೆ ಹೋಗುತ್ತದೆ. ಪುಣೆಯ ಕೋಥ್ರೂಡ್ ಬಡಾವಣೆಯ ಗಲ್ಲಿಗಳಲ್ಲಿ ರಾತ್ರಿ ಮಕ್ಕಳು ಎದ್ದು ಅಳುವುದು ಇದರಿಂದಲೇ. ಅದೇ ಕೋಥ್ರೂಡ್ ಪಕ್ಕದ ಗುಡ್ಡದ ಮೇಲೆ 1966ರಲ್ಲಿ ಶುರುವಾದ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇದೆ. ದೇಶದ ಗಾಡಿಗಳ ಸದ್ದು ಮಿತಿಯಲ್ಲಿದೆಯೇ ಎಂದು ಪರೀಕ್ಷಿಸುವವರು ಅವರು. ಅಂಥ ಊರಲ್ಲಿ ಸೈಲೆನ್ಸರ್ ಬಾಯಿ ಕೊಯ್ಯುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಒಳಗಿನ ಹೊದಿಕೆ ತೆಗೆದಾಗ ಸದ್ದು ಓಡಿಸುವವನಿಗೆ ಮಾತ್ರ. ಪಕ್ಕದ ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಹಾಗಂತ ನಮ್ಮವರ ಆತುರ ನನಗೆ ಒಪ್ಪಿಗೆಯಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಕೀಳುತ್ತಾರೆ. ಹೀಟ್ ಗನ್ನಿನಿಂದ ಟಾರು ಕರಗಿಸಿ ಕೆರೆಯುತ್ತಾರೆ, ಅದು ಕೈಗೆ ಮೈಗೆಲ್ಲ ಅಂಟುತ್ತದೆ. ಪುಣೆ ಪಕ್ಕದ ಭೋಸರಿಯಲ್ಲಿ ನಾನು ಹೋಗುವ ವರ್ಕ್‌ಶಾಪಿನಲ್ಲಿ ವಿಜಯಪುರದ ಫಿಟ್ಟರ್ ಒಬ್ಬರಿದ್ದಾರೆ. ಪಿಂಪ್ರಿ-ಚಿಂಚವಡ ಕಡೆ ಉತ್ತರ ಕರ್ನಾಟಕದವರು ಜಾಸ್ತಿ. ಆ ಫಿಟ್ಟರ್ ಹೇಳುವ ಮೊದಲ ಮಾತೇ, "ಮೊದಲ ತೂಕ ಮಾಡಸೂನ್ರಿ ಸರ್, ಆಮ್ಯಾಲ ಬಿಚ್ಚೂನು." ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಕಾರು ನಿಲ್ಲಿಸುತ್ತಾರೆ. ತೆಗೆದ ಒಂದೊಂದು ಭಾಗವನ್ನೂ ತಕ್ಕಡಿಗೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹಾಗೆ ಬರೆದಾಗ ಕಣ್ಣು ತೆರೆಯುತ್ತದೆ. 35 ಲೀಟರ್ ಪೆಟ್ರೋಲೇ 26 ಕೆಜಿ ಹತ್ತಿರ. ಸಣ್ಣ ಕಾರಿನ ಸ್ಟೆಪ್ನಿ ಹತ್ತು ಕೆಜಿ ದಾಟುತ್ತದೆ. ಕಷ್ಟಪಟ್ಟು ಕೆರೆದ ಟಾರ್ ಶೀಟಿನದು ಕೆಲವೇ ಕೆಜಿ. ಟ್ರ್ಯಾಕ್‌ಗೆ ಹೋಗುವ ದಿನ ಅರ್ಧ ಟ್ಯಾಂಕ್ ಇಟ್ಟು, ಸ್ಟೆಪ್ನಿ, ಸಬ್‌ವೂಫರ್ ಮನೆಯಲ್ಲಿ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಶೀಟ್ ತೆಗೆಯಲೇಬೇಕೆಂದರೆ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ವಾಸಿ. ಮೈನಸ್ 78 ಡಿಗ್ರಿ ತಂಪಿಗೆ ಟಾರು ಗಾಜಿನ ಹಾಗೆ ಗಡುಸಾಗುತ್ತದೆ, ಸಣ್ಣ ಸುತ್ತಿಗೆ ತಾಗಿಸಿದರೆ ಚೂರಾಗಿ ಏಳುತ್ತದೆ. ದಪ್ಪ ಗ್ಲೌಸ್ ಬೇಕು. ಎಲ್ಲ ಬಾಗಿಲು ತೆರೆದಿರಬೇಕು, ಯಾಕೆಂದರೆ ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ಕಾರಿನೊಳಗೆ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ಕೆಲಸ ಮುಗಿದ ದಿನವೇ ಪ್ರೈಮರ್, ಪೇಂಟ್ ಹೊಡೆಯಿರಿ. ಸಕಲೇಶಪುರದ ಮಳೆಗೆ ಬರಿ ತಗಡು ನಿಲ್ಲುವುದಿಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಕ್ಕಾಗಿ ಹೇಳಿತು. ಎಷ್ಟು ಸೀಟು ಎಂಬುದೂ ಆರ್‌ಸಿಯಲ್ಲಿದೆ. ಹಾಗಾಗಿ ಹಿಂದಿನ ಸೀಟನ್ನು ಟ್ರ್ಯಾಕ್‌ನಲ್ಲಿ ತೆಗೆದು, ರಸ್ತೆಗೆ ಇಳಿಯುವ ಮೊದಲು ವಾಪಸ್ ಕೂರಿಸಿ. ಬಾಗಿಲೊಳಗಿನ ಉಕ್ಕಿನ ಪಟ್ಟಿ, ಬಂಪರ್ ಹಿಂದಿನ ಬೀಮ್, ಏರ್‌ಬ್ಯಾಗ್ ಮುಟ್ಟಲೇಬೇಡಿ. ಎಂಜಿನ್ ಮತ್ತು ನಿಮ್ಮ ಕಾಲಿನ ನಡುವಿರುವ ಫೈರ್‌ವಾಲ್ ಹೊದಿಕೆಯನ್ನೂ ಹಾಗೇ ಬಿಡಿ. ಅದಿಲ್ಲದಿದ್ದರೆ ಸದ್ದಿನ ಜೊತೆ ಶಾಖವೂ ಒಳಗೆ ಬರುತ್ತದೆ, ಮೇ ತಿಂಗಳ ಬಿಸಿಲಿನಲ್ಲಿ ಪೆಡಲ್ ಹತ್ತಿರ ಕಾಲಿಡಲು ಆಗುವುದಿಲ್ಲ.