ಬರಹ ಬೇಡ, ನುಡಿಯಲ್ಲೇ ಕಳಿಸಿ

ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೋರಿ ಬಂದ ಸುತ್ತೋಲೆಯೊಂದು ನನ್ನ ಮೇಜಿನ ಮೇಲಿದೆ. ಲೇಖನ ಯಾವುದರ ಕುರಿತಾಗಿರಬೇಕು ಎಂಬುದಕ್ಕೆ ಅದರಲ್ಲಿ ಅರ್ಧ ಸಾಲು ಮೀಸಲಾಗಿದ್ದರೆ, ಯಾವುದರಲ್ಲಿ ಟೈಪಾಗಿರಬೇಕು ಎಂಬುದಕ್ಕೆ ಏಳು ಸಾಲುಗಳಿವೆ. ಫಾಂಟ್ ‘ನುಡಿ 01 ಇ’, ಅಳತೆ 14, ವರ್ಡ್ ಕಡತ, ಜೊತೆಗೊಂದು ಪಿಡಿಎಫ್. ಯುನಿಕೋಡ್‌ನಲ್ಲಿ ಬಂದವನ್ನು ಪರಿಗಣಿಸಲಾಗುವುದಿಲ್ಲ. ‘ಬರಹ’ದಲ್ಲಿ ದಯವಿಟ್ಟು ಬೇಡ. ‘ನುಡಿ’, ‘ಬರಹ’ಗಳೆಂದರೆ ಕನ್ನಡ ಟೈಪಿಸುವ ಎರಡು ತಂತ್ರಾಂಶಗಳು, ಯುನಿಕೋಡ್ ಎಂದರೆ ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರಸಂಕೇತ ಎಂದು ಕನ್ನಡದಲ್ಲಿ ನಾಲ್ಕಕ್ಷರ ಬರೆದು ಅಚ್ಚಿಗೆ ಕಳಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಯಾರಾದರೂ ಓದಿದರೆ ಮಾತ್ರ, ಬರಹ ಬೇಡವೆಂದ ಮೇಲೆ ಲೇಖನವನ್ನು ನುಡಿಯಲ್ಲಿ ತಲುಪಿಸುವುದು ಹೇಗೆ, ಫೋನ್ ಮಾಡಿ ಓದಿ ಹೇಳಬೇಕೇ ಎಂದು ಕೇಳಿಯಾರು.

ಇಂಗ್ಲಿಷಿನಲ್ಲಿ ಬರೆಯುವವರೂ ಈ ವಿಷಯದಲ್ಲಿ ಜಗಳವಾಡುತ್ತಾರಂತೆ. ವರ್ಡ್ ಒಳ್ಳೆಯದೋ, ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಒಳ್ಳೆಯದೋ, ಗೂಗಲ್ ಡಾಕ್ಸ್ ಸಾಕಲ್ಲವೇ ಎಂದು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವು ತನ್ನ ಅಧಿಕಾರಿಗಳಿಗೆ ಸ್ವದೇಶಿ ಜೋಹೊ ತಂತ್ರಾಂಶವನ್ನೇ ಬಳಸಿರೆಂದು ಸೂಚಿಸಿದ ಮೇಲೆ ಆ ಜಗಳಕ್ಕೆ ದೇಶಭಕ್ತಿಯ ಒಗ್ಗರಣೆಯೂ ಬಿದ್ದಿತು. ಇವೆಲ್ಲ ಹೊಟ್ಟೆ ತುಂಬಿದವರ ಜಗಳಗಳು. ಅವರು ಯಾವ ತಂತ್ರಾಂಶವನ್ನು ಆರಿಸಿಕೊಂಡರೂ ಅದರಲ್ಲಿ ಒತ್ತಿದ ‘ಎ’ ಅಕ್ಷರವು ಇನ್ನೊಂದರಲ್ಲಿ ತೆರೆದಾಗ ‘ಎ’ ಆಗಿಯೇ ಉಳಿಯುತ್ತದೆ. ‘ಅ’ಕ್ಕೆ ಆ ಭಾಗ್ಯವಿಲ್ಲ.

ಏಕಿಲ್ಲ ಎಂಬುದನ್ನು ತಿಳಿಯಬೇಕಾದರೆ ನುಡಿಯ ಹಳೆಯ ಫಾಂಟ್‌ನಲ್ಲಿ ‘ಕನ್ನಡ’ ಎಂದು ಟೈಪಿಸಿ, ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದು ನೋಡಬೇಕು. ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಪುನಃ ಗೆರೆ ಹೊತ್ತ ‘ಎ’, ಜರ್ಮನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಕೊನೆಗೆ ಮತ್ತದೇ ‘ಎ’ ಸಾಲಾಗಿ ಕುಳಿತಿರುತ್ತವೆ. ಗಣಕದ ಪಾಲಿಗೆ ಕನ್ನಡವೆಂದರೆ ಇಷ್ಟೇ. ಅದರ ಮೇಲೆ ಫಾಂಟು ನಮ್ಮ ಕಣ್ಣಿಗೆ ಕಟ್ಟುವ ವೇಷವೇ ನಾವು ಓದುವ ಲಿಪಿ. ‘ಕರ್ನಾಟಕ’ ಎಂದು ಬರೆದರೆ ಅದರ ಅರ್ಕಾವೊತ್ತಿನ ಜಾಗದಲ್ಲಿ ಐಸ್‌ಲ್ಯಾಂಡಿನವರು ಬಳಸುವ, ಅಡ್ಡಗೆರೆ ಎಳೆದ ‘ಡಿ’ಯಂಥ ಅಕ್ಷರವೊಂದು ಬಂದು ನಿಲ್ಲುತ್ತದೆ. ನಾಡಿನ ಹೆಸರಿನಲ್ಲಿ ಐಸ್‌ಲ್ಯಾಂಡನ್ನೂ ನುಡಿಯ ಹೆಸರಿನಲ್ಲಿ ಜರ್ಮನಿಯನ್ನೂ ಇಟ್ಟುಕೊಂಡಿರುವ ನಮ್ಮ ವಿಶ್ವಮಾನವತೆಗೆ ಸಾಟಿಯಿಲ್ಲ. ಆ ಪೌಂಡ್ ಚಿಹ್ನೆಯ ಬಗ್ಗೆಯೂ ನನಗೊಂದು ಮೋಹವಿದೆ: ಕನ್ನಡದಲ್ಲಿ ಬರೆದು ಈತನಕ ಸಿಗದ ಸಂಭಾವನೆಯೆಲ್ಲ ಆ ಪದದೊಳಗೇ ಅಡಗಿ ಕುಳಿತಿರಬಹುದೇ ಎಂಬ ಅನುಮಾನ.

ಇಂಥ ಕನ್ನಡವನ್ನು ವರ್ಡ್‌ಗೆ ಒಪ್ಪಿಸಿದಾಗ ನಡೆಯುವುದೇ ಬೇರೆ ಪ್ರಹಸನ. ಇದು ಇಂಗ್ಲಿಷ್ ಎಂದೇ ನಂಬಿದ ಆ ಪ್ರಾಮಾಣಿಕ ತಂತ್ರಾಂಶವು ಪ್ರತಿ ಪದದ ಕೆಳಗೂ ಕೆಂಪು ಗೆರೆ ಎಳೆಯುತ್ತ ಹೋಗುತ್ತದೆ. ಅದಕ್ಕೆ ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಚಾಳಿಯೂ ಇದೆ. ನುಡಿಯ ಒಳಲೆಕ್ಕದಲ್ಲಿ ಚಿಕ್ಕ ‘ಕ್ಯೂ’ ಎಂದರೆ ‘ಡ’ಕಾರದ ದೇಹ, ದೊಡ್ಡ ‘ಕ್ಯೂ’ ಎಂದರೆ ‘ಕಿ’. ಆ ಸ್ವಯಂತಿದ್ದುಪಡಿಯನ್ನು ಮೊದಲೇ ಆರಿಸಿಡದೆ ‘ಡಾ.’ ಎಂದು ವಾಕ್ಯ ಆರಂಭಿಸಿದವರು, ಹಿರಿಯ ವಿದ್ವಾಂಸರೊಬ್ಬರು ಕಣ್ಣೆದುರೇ ‘ಕಿ’ಗೆ ದೀರ್ಘ ಕೊಟ್ಟಂತಹ ಏನೋ ಒಂದಾಗಿ ಮಾರ್ಪಡುವುದನ್ನು ನೋಡಬೇಕಾಗುತ್ತದೆ. ವರುಷಗಟ್ಟಲೆ ಸಂಶೋಧನೆ ಮಾಡಿ ಗಳಿಸಿದ ಪದವಿ ಒಂದು ಸ್ಪೇಸ್ ಒತ್ತುವುದರೊಳಗೆ ಹೋಗುತ್ತದೆ.

ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತನ್ನಾಗಲಿ, 1998ರಲ್ಲಿ ‘ಬರಹ’ವನ್ನು ಹೊರತಂದ ಶೇಷಾದ್ರಿವಾಸು ಅವರನ್ನಾಗಲಿ ಇದಕ್ಕಾಗಿ ದೂರುವುದು ಕೃತಘ್ನತೆಯಾದೀತು. ಒಂದೊಂದು ಕಂಪನಿಯೂ ತನ್ನದೇ ಸಂಕೇತ ಕಟ್ಟಿಕೊಂಡು, ಶ್ರೀಲಿಪಿಯದು ಆಕೃತಿಗೆ ತಿಳಿಯದೆ, ಆಕೃತಿಯದು ಪ್ರಕಾಶಕ್‌ಗೆ ತಿಳಿಯದೆ ಇದ್ದ ಕಾಲದಲ್ಲಿ ಇವೆರಡೂ ಸಾಮಾನ್ಯರ ಕೈಗೆ ಕನ್ನಡವನ್ನು ಕೊಟ್ಟವು. ಈಗ ಎರಡರಲ್ಲೂ ಯುನಿಕೋಡ್ ಆಯ್ಕೆ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬೆರಳು ಪಳಗಿದವರು ಒಂದು ಕೀಲಿಯನ್ನೂ ಹೊಸದಾಗಿ ಕಲಿಯದೆ ಯುನಿಕೋಡ್‌ಗೆ ದಾಟಬಹುದು. ಆದರೆ ‘ನುಡಿಯಲ್ಲಿ ಕಳಿಸಿ’ ಎಂದು ಸುತ್ತೋಲೆ ಬರೆಯುವವರು ಕೇಳುವುದು ನುಡಿಯನ್ನಲ್ಲ, ನುಡಿಯೇ ದಾಟಿ ಬಂದ ಹಳೆಯ ಮನೆಯನ್ನು.

ಆ ಹಳೆಯ ಮನೆಯ ಯಜಮಾನನೆಂದರೆ ಅಚ್ಚಿನ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಮುಂದೆ ಅದನ್ನು ಬೆಳೆಸುವುದಿಲ್ಲವೆಂದು ಅಡೋಬಿ 2004ರಲ್ಲೇ ಕೈತೊಳೆದುಕೊಂಡಿತು. ಹೆತ್ತವರೇ ತಿಥಿ ಮಾಡಿ ಮುಗಿಸಿದ ಈ ಮಗುವನ್ನು ನಮ್ಮ ಡಿಟಿಪಿ ಅಂಗಡಿಗಳು ಇಂದಿಗೂ ಸಾಕುತ್ತಿವೆ. ಪಾಪ, ಅದಕ್ಕೆ ಯುನಿಕೋಡ್ ಕನ್ನಡದ ಒತ್ತಕ್ಷರ ಕೂಡಿಸಲು ಬಾರದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್‌ಗೆ ಬರುತ್ತದೆ. ಆದರೆ ಅದಕ್ಕೆ ದುಡ್ಡು ಬೇಕು, ಹೊಸ ಯಂತ್ರ ಬೇಕು, ಕಲಿಯಬೇಕು. ಪುಟಕ್ಕೆ ಇಷ್ಟೆಂದು ಎಣಿಸಿ ದುಡಿಯುವ ಅಂಗಡಿಯವನು ಹಳೆಯದನ್ನೇ ಬಳಸಿದರೆ ಅವನನ್ನು ನಾನು ಹಂಗಿಸಲಾರೆ. ಅನುದಾನ, ಸಮಿತಿ, ಉಪಸಮಿತಿ, ಮುಖಪುಟಕ್ಕೆ ಮಂತ್ರಿಗಳ ಸಂದೇಶ ಎಲ್ಲವನ್ನೂ ಹೊಂದಿಸಬಲ್ಲ ಸಂಘಟಕರು, ಯುನಿಕೋಡ್ ಬಲ್ಲ ಒಂದು ಅಂಗಡಿಯನ್ನು ಹೊಂದಿಸಲಾರದೆ, ನೂರು ಲೇಖಕರು ಹಿಂದಕ್ಕೆ ನಡೆಯಲಿ ಎಂದು ಅಪ್ಪಣೆ ಕೊಡಿಸುವುದನ್ನು ಮಾತ್ರ ಹಂಗಿಸದೆ ಇರಲಾರೆ.

ಕನ್ನಡಕ್ಕೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿ ತನ್ನೊಳಗೇ ಯುನಿಕೋಡ್ ಕನ್ನಡದ ತುಂಗಾ ಫಾಂಟನ್ನು ಹೊತ್ತು ಬಂದದ್ದು 2001ರಲ್ಲಿ. ರಾಜ್ಯ ಸರ್ಕಾರವೂ ಯುನಿಕೋಡನ್ನು ಒಪ್ಪಿ ಎಷ್ಟೋ ವರುಷಗಳಾದವು. ಇಷ್ಟರ ನಂತರವೂ ಪೌಂಡು, ಗೆರೆ ಹೊತ್ತ ‘ಎ’ಗಳ ಆ ಗೋಜಲಿನಲ್ಲೇ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಸುತ್ತೋಲೆಗಳು ಸಿದ್ಧವಾಗುತ್ತಿವೆ, ಪಿಡಿಎಫ್ ಆಗಿ ಜಾಲತಾಣ ಸೇರುತ್ತಿವೆ. ಅವುಗಳಲ್ಲಿ ‘ಕನ್ನಡ’ ಎಂದು ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ನಗುವ ಸಂಗತಿಯೆಂದುಕೊಂಡೇ ಇದನ್ನು ಬರೆಯಲು ಕುಳಿತೆ, ಆದರೆ ಇಲ್ಲಿ ನಗು ಬರುತ್ತಿಲ್ಲ. ಕಣ್ಣು ಕಾಣದ ಓದುಗರೊಬ್ಬರು ಪರದೆಯನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಯುನಿಕೋಡ್ ಕನ್ನಡವನ್ನು ಕೇಳಿಸಿಕೊಳ್ಳಬಲ್ಲರು. ಅದೇ ತಂತ್ರಾಂಶ ಇಂಥ ಕಡತವನ್ನು ತೆರೆದಾಗ ಅವರ ಕಿವಿಗೆ ಬೀಳುವುದು ಬರೀ ‘ಪಿ’, ‘ಪೌಂಡ್’, ‘ಕ್ಯೂ’ಗಳ ಗದ್ದಲ. ಅವರ ಪಾಲಿಗೆ ಆ ಲೇಖನ ಬರೆದೇ ಇಲ್ಲ. ಇದು ಗೊತ್ತಿದ್ದೂ ನಡೆಯುತ್ತಿದೆ, ಎಷ್ಟು ಬಾರಿ ಹೇಳಿದರೂ ನಡೆಯುತ್ತಿದೆ, ಹೇಳಿ ಹೇಳಿ ನನಗೂ ಸಾಕಾಗಿದೆ.

ಹೀಗೆಂದವನು ಲೇಖನ ಕಳಿಸಲಿಲ್ಲವೇ ಎಂದರೆ, ಕಳಿಸಿದೆ. ಯುನಿಕೋಡ್‌ನಲ್ಲಿ ಬರೆದದ್ದನ್ನು ಯಾರೋ ಪುಣ್ಯಾತ್ಮರು ಉಚಿತವಾಗಿ ಮಾಡಿಟ್ಟ ಪರಿವರ್ತಕಕ್ಕೆ ಹಾಕಿ, ಅದು ಕೈಬಿಟ್ಟ ಅರ್ಕಾವೊತ್ತುಗಳನ್ನು ಒಂದೊಂದಾಗಿ ಕೂರಿಸಿ, ‘ನುಡಿ 01 ಇ’, ಅಳತೆ 14 ಎಂದು ಎರಡೆರಡು ಬಾರಿ ನೋಡಿ, ರಾತ್ರಿ ಹನ್ನೊಂದಕ್ಕೆ ಕಳಿಸಿದೆ. ಮರುದಿನ ಸಂಚಿಕೆಯ ಕಡೆಯಿಂದ ಹುಡುಗನೊಬ್ಬ ಫೋನ್ ಮಾಡಿದ.

“ಸಾರ್, ನಿಮ್ ಫೈಲು ಇಲ್ಲಿ ಓಪನ್ ಆಗ್ತಿದೆ, ಆದ್ರೆ ಒತ್ತಕ್ಷರ ಎಲ್ಲಾ ಚೌಕ ಚೌಕ ಬರ್ತಿದೆ. ಒಂದ್ ಪ್ರಿಂಟ್ ತೆಗ್ದು ಫೋಟೋ ಹೊಡ್ದು ವಾಟ್ಸಾಪ್ ಮಾಡ್ಬಿಡಿ ಸಾರ್, ನಾವಿಲ್ಲೇ ಟೈಪ್ ಮಾಡಿಸ್ಕೋತೀವಿ.”

ಹಾಗಾದರೆ ಕೈಬರಹದಲ್ಲೇ ಕೊಡಬಹುದಿತ್ತಲ್ಲಪ್ಪಾ ಎಂದೆ.

“ಕೊಡಬಹುದಿತ್ತು ಸಾರ್. ತುಂಬಾ ಜನ ಹಾಗೇ ಕೊಟ್ಟಿದಾರೆ.”